ದೊಡ್ಡಕ್ಕ ನೀರಿಗಿಳಿದದ್ದು

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುವುದು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದ ಮಾಲೀಕರ ಬಾಯಲ್ಲೂ ಅದೇ. ಬಸ್ ಡಿಪೋ ಎದುರಿನ ಕಟ್ಟಡದ ಮೇಲಿನ ಮಹಡಿ ನಮ್ಮದು. ಉದ್ದನೆಯ ಹಾಲು, ಕಿಟಕಿಗಳ ಕೆಳಗೆ ಸಾಲಾಗಿ ಮಿಷನ್ನುಗಳು, ನಡುವೆ ನಾನು ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಆಸ್ಪತ್ರೆ, ಹೋಟೆಲು, ಶಾಲೆಗಳಿಗೆ ಯೂನಿಫಾರ್ಮ್ ಹೊಲಿಯುವುದು ನಮ್ಮ ಕೆಲಸ. ದೊಡ್ಡಕ್ಕ ಕಾಲರ್ ಕೂರಿಸುತ್ತಾಳೆ. ಅವಳು ಕೂರಿಸಿದ ಕಾಲರು ಎಷ್ಟು ಸಲ ಒಗೆದರೂ ಕಿವಿ ಮಡಚುವುದಿಲ್ಲ. ನನಗೆ ಅವಳಿಟ್ಟ ಹೆಸರು ಕತ್ತರಿ. ಅದು ನನ್ನ ಕೆಲಸ ನೋಡಿ ಇಟ್ಟದ್ದೋ ನಾಲಿಗೆ ನೋಡಿ ಇಟ್ಟದ್ದೋ ಎಂದು ಕೇಳಿದರೆ, "ಎರಡೂ ಒಂದೇ ಅಂಗಡೀಲಿ ಸಾಣೆ ಹಿಡಿಸಿದ್ದಲ್ವಾ" ಎಂದು ನಗುತ್ತಾಳೆ.

ಅವಳಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡಾಗ ದೊಡ್ಡಕ್ಕ ಇನ್ನೂ ಹೈಸ್ಕೂಲು ಮುಗಿಸಿರಲಿಲ್ಲ, ತಂಗಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಲಾರಿ ಓಡಿಸುತ್ತಿದ್ದ. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ, ಆಮೇಲೆ ಬರುವುದನ್ನೇ ಬಿಟ್ಟ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇವಳೇ ಅಕ್ಕ, ಇವಳೇ ಅಮ್ಮ. ಮದುವೆಯ ಮಾತು ಬಂದಾಗಲೆಲ್ಲ "ಪುಟ್ಟಿ ಒಂದು ದಡ ಸೇರಲಿ" ಎನ್ನುತ್ತಿದ್ದಳು. ಪುಟ್ಟಿ ಓದಿ ನರ್ಸ್ ಆದಳು, ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಅವಳ ಬಿಳಿ ಯೂನಿಫಾರ್ಮನ್ನೂ ದೊಡ್ಡಕ್ಕನೇ ಹೊಲಿದದ್ದು. ಅಷ್ಟು ದೊಡ್ಡವಳಾದರೂ ಭಾನುವಾರ ಬೆಳಿಗ್ಗೆ ಪುಟ್ಟಿ ಅಕ್ಕನ ಮುಂದೆ ನೆಲದ ಮೇಲೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳಂತೆ. ಸೊಂಟ ದಾಟುವ ಕೂದಲು. ಸಿಕ್ಕು ಬಿಡಿಸುವಷ್ಟರಲ್ಲಿ ಇಬ್ಬರ ವಾರದ ಸುದ್ದಿಯೂ ಮುಗಿಯುತ್ತಿತ್ತಂತೆ.

ಅಂಥ ಒಂದು ಭಾನುವಾರ ಪುಟ್ಟಿ, "ಅಕ್ಕಾ, ಕೂದಲು ತೆಗೆಸ್ತೀನಿ" ಎಂದಳು.

"ತೆಗೆಸು. ಸೆಖೆ ಬೇರೆ ಶುರುವಾಯ್ತು" ಎಂದಳು ಇವಳು.

"ಹಾಗಲ್ಲ ಅಕ್ಕ. ಪೂರ್ತಿ."

ಆಗಲೂ ಇವಳ ತಲೆಗೆ ಹೋಗಲಿಲ್ಲ. ಪುಟ್ಟಿ ವರ್ಷದಿಂದ ಧ್ಯಾನಕ್ಕೆಂದು ಬೌದ್ಧ ವಿಹಾರಕ್ಕೆ ಹೋಗಿ ಬರುತ್ತಿದ್ದದ್ದು ಇವಳಿಗೆ ಗೊತ್ತಿತ್ತು. ವಾರ್ಡಿನಲ್ಲಿ ಸಾಯುವ ಮಕ್ಕಳನ್ನು ನೋಡಿ ನೋಡಿ ಮನಸ್ಸು ಕೆಟ್ಟಿದೆ, ಹೋಗಿ ಬಂದರೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹೋದವಳು ಅಲ್ಲೇ ಭಿಕ್ಷುಣಿಯಾಗಿ ಉಳಿಯುತ್ತಾಳೆಂದು ಯಾರು ಕನಸು ಕಂಡಿದ್ದರು? ದೀಕ್ಷೆಯ ದಿನಕ್ಕೆ ಕರೆ ಬಂದಾಗ ದೊಡ್ಡಕ್ಕ ಹೋಗಲಿಲ್ಲ. ಆ ದಿನ ಕಾರ್ಖಾನೆಗೆ ಬಂದು ಹೋಟೆಲ್ ಅಡುಗೆಯವರ ಕೋಟುಗಳಿಗೆ ಕಾಲರ್ ಕೂರಿಸಿದಳು. ಅವತ್ತು ಕೂರಿಸಿದ ಕಾಲರುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಇದೆಲ್ಲ ಎಂಟೊಂಬತ್ತು ವರ್ಷದ ಹಿಂದಿನ ಮಾತು. ಅಲ್ಲಿಂದ ಈಚೆಗೆ ಪುಟ್ಟಿ ವಿಹಾರದ ಆಫೀಸಿನಿಂದ ಆಗಾಗ ಫೋನ್ ಮಾಡುತ್ತಿದ್ದಳು. ದೊಡ್ಡಕ್ಕ ಫೋನ್ ಹಿಡಿದು ಮೆಟ್ಟಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. "ಹೂಂ, ಚೆನ್ನಾಗಿದ್ದೀನಿ. ನೀನು?... ಹೂಂ... ಚಳಿಗೆ ಏನು ಹೊದ್ಕೋತೀಯ?... ಸರಿ ಇಡ್ಲಾ?" ಅಷ್ಟೇ. ಇಟ್ಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು, ಇನ್ನೇನೋ ಕೇಳಿಸೀತು ಎಂಬಂತೆ.

ಹೋದ ವರ್ಷ ಬಂದ ಒಂದು ಫೋನು ಬೇರೆ ಥರ ಇತ್ತು. ಮಾತು ಮುಗಿಸಿ ನೇರ ನನ್ನ ಮೇಜಿನ ಹತ್ತಿರ ಬಂದಳು. ಅವಳ ಮುಖ ನೋಡಿ ನಾನು ಕತ್ತರಿ ಕೆಳಗಿಟ್ಟೆ.

"ಪುಟ್ಟೀನ ಬೇರೆ ದೇಶದ ವಿಹಾರಕ್ಕೆ ಕಳಿಸ್ತಾರಂತೆ ಕಣೆ. ಚಳಿಗಾಲ ಕಳೆದ ತಕ್ಷಣ. 'ಒಂದ್ಸಲ ಬಂದು ಹೋಗ್ತೀಯಾ ಅಕ್ಕ' ಅಂದ್ಲು. ಇಷ್ಟು ವರ್ಷದಲ್ಲಿ ಅವಳು ಬಾ ಅಂದಿದ್ದು ಇದೇ ಮೊದಲು."

"ಹೋಗು. ಅದಕ್ಕೇನು ಯೋಚನೆ?"

"ನೀರಿನ ಮೇಲೆ ಹೋಗ್ಬೇಕು."

ಆಗ ನನಗೆ ಅರ್ಥವಾಯಿತು. ಪುಟ್ಟಿಯಿದ್ದ ವಿಹಾರ ಒಂದು ದೊಡ್ಡ ಸರೋವರದ ಆಚೆ ದಡದಲ್ಲಿ, ಕಾಡಿನ ಬೆನ್ನಿಗೆ ಒರಗಿಕೊಂಡಿತ್ತು. ರಸ್ತೆ ಇಲ್ಲ. ಊರಿಗೆಲ್ಲ ಕುಡಿಯುವ ನೀರು ಅದೇ ಆದ್ದರಿಂದ ಮೋಟಾರು ದೋಣಿ ಬಿಡುವ ಹಾಗಿಲ್ಲ. ದೊಡ್ಡಕ್ಕನಿಗೋ ನೀರೆಂದರೆ ಜೀವ ಬಾಯಿಗೆ ಬರುತ್ತದೆ. ಮಳೆಗೆ ಡಿಪೋ ಮುಂದೆ ನೀರು ನಿಂತರೆ ಆ ರಸ್ತೆ ಬಿಟ್ಟು ಸುತ್ತು ಹಾಕಿ ಬರುವವಳು.

ಬಸ್ ಡಿಪೋ ಪಕ್ಕದ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿದಾಗ, ಆ ಸರೋವರದ ದಡದ ಮೂರು ವಿಹಾರಗಳನ್ನು ಕಯಾಕ್‌ನಲ್ಲಿ ಹೋಗಿ ನೋಡುವ ಪ್ರವಾಸವೊಂದಿದೆ, ಕೊನೆಯ ವಿಹಾರದಲ್ಲಿ ಅತಿಥಿಗಳು ಉಳಿಯಬಹುದು ಎಂದರು. ಗೋಡೆಯ ಮೇಲೆ ಚಿತ್ರವಿತ್ತು. ಮೀನಿನ ಹಾಗೆ ಉದ್ದಕ್ಕೆ ಸಪೂರವಾದ ಕೆಂಪು ದೋಣಿ, ಅದರಲ್ಲಿ ಹಿಂದೊಬ್ಬರು ಮುಂದೊಬ್ಬರು, ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು.

"ಇದು ದೋಣೀನಾ? ಚಪ್ಪಲಿ ಥರ ಇದೆ" ಎಂದಳು ದೊಡ್ಡಕ್ಕ.

"ಚಪ್ಪಲಿ ಹಾಕ್ಕೊಂಡೇ ಹೋಗೋಣ. ನಾನೂ ಬರ್ತೀನಿ" ಎಂದೆ. ಚಿಕ್ಕಂದಿನಲ್ಲಿ ನಾನು ಈಜಿದವಳು. ಅದೊಂದೇ ಧೈರ್ಯ.

ಹೊರಡುವ ಮೊದಲು ಪುಟ್ಟಿಗೊಂದು ಚೀವರ ಹೊಲಿಯಬೇಕೆಂದಳು. ಚೀವರವೆಂದರೆ ಭಿಕ್ಷುಣಿಯರು ಹೊದೆಯುವ ವಸ್ತ್ರ. ಒಳ್ಳೆಯ ಕಂದು ಬಟ್ಟೆ ತಂದು ನನ್ನ ಮೇಜಿನ ಮೇಲೆ ಹರವಿ, "ಇದನ್ನು ಚೂರು ಚೂರು ಮಾಡು" ಎಂದಳು. ನಾನು ಕಣ್ಣು ಕಣ್ಣು ಬಿಟ್ಟೆ. ಚೀವರದ ನಿಯಮವೇ ಹಾಗಂತೆ. ಇಡೀ ಬಟ್ಟೆಯನ್ನು ಕತ್ತರಿಸಿ, ತುಂಡುಗಳನ್ನು ಗದ್ದೆಯ ಬದುಗಳ ಹಾಗೆ ಜೋಡಿಸಿ ಹೊಲಿಯಬೇಕು. ಹಾಗೆ ಮಾಡಿದರೆ ಮಾರುವವರಿಗೂ ಕದಿಯುವವರಿಗೂ ಅದರ ಮೇಲೆ ಆಸೆ ಇರುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಟ್ಟೆಯ ಬೆಲೆ ಕಳೆಯಲೆಂದೇ ಕತ್ತರಿ ಆಡಿಸಿದೆ. ದೊಡ್ಡಕ್ಕ ಅದನ್ನು ಕಾರ್ಖಾನೆಯಲ್ಲಿ ಹೊಲಿಯದೆ ಮನೆಗೆ ಒಯ್ದಳು. ಅದರ ಜೊತೆ ಇನ್ನೇನು ಹೊಲಿದಳೆಂಬುದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ವಿಹಾರ ದೋಣಿಕಟ್ಟೆಯ ಪಕ್ಕದಲ್ಲೇ ಇತ್ತು. ಬಿಳಿ ಸುಣ್ಣದ ಗುಂಡನೆಯ ಸ್ತೂಪ, ಸುತ್ತ ನಡೆದು ನಡೆದು ನುಣುಪಾದ ಕಲ್ಲು ಹಾಸು. ನಮ್ಮ ಜೊತೆ ಬಂದವರು ಫೋಟೋ ತೆಗೆಯುತ್ತಿದ್ದರು. ದೊಡ್ಡಕ್ಕ ಚೀವರವಿದ್ದ ಚೀಲವನ್ನು ಎದೆಗೆ ಅವಚಿಕೊಂಡು ಸ್ತೂಪಕ್ಕೆ ಸುತ್ತು ಬಂದಳು. ನೆರಳಿನಲ್ಲಿ ಕೂತಿದ್ದ ವಯಸ್ಸಾದ ಭಿಕ್ಷುವೊಬ್ಬರ ಮುಂದೆ ನಿಂತಳು.

"ಸ್ವಾಮಿ, ಒಂದು ಮಾತು ಕೇಳ್ಲಾ? ಹೀಗೆ ಬಂದು ಸೇರಿದವರು ಯಾರಾದ್ರೂ ವಾಪಸ್ ಮನೆಗೆ ಹೋಗಿದ್ದು ಉಂಟಾ?"

"ಉಂಟಲ್ಲ. ನಾನೇ ಹೋಗಿದ್ದೆ. ತಾಯಿ ಒಂದೇ ಸಮ ಅಳ್ತಾರೆ ಅಂತ ಹೋದೆ."

ಅವಳ ಮುಖ ಅರಳಿತು. "ಮತ್ತೆ ಯಾಕೆ ಬಂದ್ರಿ?"

"ತಾಯೀನೇ ಕರ್ಕೊಂಡು ಬಂದು ಬಿಟ್ಟು ಹೋದ್ರು. 'ನೀನು ಅಲ್ಲಿದ್ದಾಗಾದ್ರೂ ನನ್ನ ಮಗ ಎಲ್ಲಿದ್ದಾನೆ ಅಂತ ಗೊತ್ತಿತ್ತು, ಇಲ್ಲಿದ್ರೆ ಅದೂ ಗೊತ್ತಾಗಲ್ಲ' ಅಂದ್ರು" ಎಂದು ಅವರು ನಕ್ಕರು. ದೊಡ್ಡಕ್ಕ ನಗಲಿಲ್ಲ. ಕೈಮುಗಿದು ಬಂದು, "ನಡಿ, ಹೊತ್ತಾಯ್ತು" ಎಂದಳು.

ನಮ್ಮನ್ನು ಕರೆದೊಯ್ಯುವವಳು ಬಿಸಿಲಿಗೆ ಮೂಗು ಸುಲಿದ ಒಬ್ಬ ಹುಡುಗಿ. ಎಲ್ಲರೂ ಅವಳನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ದೊಡ್ಡಕ್ಕನಿಗೆ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದಳು. ದೊಡ್ಡಕ್ಕ ಅದರ ಅಂಚನ್ನು ಬೆರಳಲ್ಲಿ ತಿರುವಿ ನೋಡಿ, "ಹೊಲಿಗೆ ಗಟ್ಟಿಯಿದೆ" ಎಂದಳು. ಅಷ್ಟರ ಮೇಲೆ ಅವಳಿಗೆ ಒಂದಿಷ್ಟು ನಂಬಿಕೆ ಬಂತು. ಆದರೆ ಚೀಲವನ್ನು ನೀರು ಹೋಗದ ರಬ್ಬರು ಚೀಲಕ್ಕೆ ಹಾಕಿಕೊಡಿ ಎಂದಾಗ ಒಪ್ಪಲಿಲ್ಲ. "ಇದು ನನ್ನ ಮಡಿಲಲ್ಲೇ ಇರ್ಲಿ" ಎಂದಳು.

ಅವಳು ಮುಂದೆ, ನಾನು ಹಿಂದೆ. ಮೊದಮೊದಲು ನಮ್ಮ ದೋಣಿ ಕುಡಿದವರ ಹಾಗೆ ಹೋಯಿತು. ನಾನು ಬಲಕ್ಕೆ ಎಂದರೆ ಅವಳು ಎಡಕ್ಕೆ ಎಳೆಯುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕುತ್ತಿದ್ದಳೆಂದು ಆಮೇಲೆ ತಿಳಿಯಿತು.

"ದೊಡ್ಡಕ್ಕಾ, ಮಿಷನ್ ತುಳಿದ ಹಾಗೆ ಅಂದ್ಕೋ. ಒಂದೇ ಸಮ. ಒಂದು, ಎರಡು."

"ಮಿಷನ್ ಕೆಳಗೆ ನೆಲ ಇರುತ್ತೆ ಕಣೆ, ಕತ್ತರಿ!"

ಆದರೂ ಆ ಮಾತು ನಾಟಿತು. ಕೈಗೆ ಲಯ ಸಿಕ್ಕಿತು. ಕಣ್ಣು ಬಿಟ್ಟಳು. ನೀರು ಕನ್ನಡಿಯ ಹಾಗಿತ್ತು. ಜೊಂಡಿನ ಮಧ್ಯೆ ಬಿಳಿ ಹಕ್ಕಿಗಳು ಕಾಲೂರಿ ನಿಂತಿದ್ದವು, ನಾವು ಹತ್ತಿರ ಹೋದರೂ ಹಾರಲಿಲ್ಲ. ಹುಟ್ಟಿನಿಂದ ತೊಟ್ಟಿಕ್ಕುವ ಹನಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ಪುಟ್ಟಿಗೆ ನೀರು ಅಂದ್ರೆ ಪ್ರಾಣ" ಎಂದಳು, ಬಹಳ ಹೊತ್ತಿನ ಮೇಲೆ. "ನಾನೇ ಬಿಡ್ತಿರಲಿಲ್ಲ. ಶಾಲೆಯವರು ಕೆರೆಗೆ ಕರ್ಕೊಂಡು ಹೋದ್ರೆ ಇವಳಿಗೆ ಜ್ವರ ಅಂತ ಹೇಳಿ ಕಳಿಸ್ತಿದ್ದೆ."

ಎರಡನೆಯ ವಿಹಾರ ಒಂದು ಬಂಡೆಯ ಮೈಯಲ್ಲಿತ್ತು. ತಿರುವು ದಾಟುತ್ತಲೇ ಎದುರಿಗೆ ಮಲಗಿದ ಬುದ್ಧ ಕಾಣಿಸಿದ. ಬಂಡೆಯಲ್ಲೇ ಕೊರೆದ ಭಾರೀ ವಿಗ್ರಹ, ಬಲಗೈ ತಲೆದಿಂಬು, ನೀರಿನ ಬೆಳಕು ಕೆನ್ನೆಯ ಮೇಲೆ ಕುಣಿಯುತ್ತಿತ್ತು. ಎಲ್ಲರೂ ಹುಟ್ಟು ನಿಲ್ಲಿಸಿದರು. ದೊಡ್ಡಕ್ಕ ಮೈಮರೆತು ಹುಟ್ಟನ್ನೇ ಕೈಬಿಟ್ಟಳು, ಎರಡೂ ಕೈ ಎತ್ತಿ ಮುಗಿದಳು. ಹುಟ್ಟು ಜಾರಿ ನೀರಿಗೆ ಬಿತ್ತು. ಅದನ್ನು ಹಿಡಿಯಲು ಒಂದೇ ಮಗ್ಗುಲಿಗೆ ವಾಲಿದಳು. ಮರುಕ್ಷಣ ನಾವಿಬ್ಬರೂ ನೀರಲ್ಲಿದ್ದೆವು.

ನಾನು ತಲೆ ಎತ್ತಿ ಹುಡುಕಿದೆ. ದೋಣಿ ಬೆನ್ನು ಮೇಲಾಗಿ ತೇಲುತ್ತಿತ್ತು. ಅದರ ಆಚೆ ದೊಡ್ಡಕ್ಕ, ಗಲ್ಲದವರೆಗೆ ಜಾಕೆಟ್ಟು, ನೆತ್ತಿಗೆ ಅಂಟಿದ ಕೂದಲು, ಒಂದು ಕೈಯಲ್ಲಿ ಎತ್ತಿ ಹಿಡಿದ ಚೀಲ. ಚೀಲದಿಂದ ನೀರು ಸುರಿಯುತ್ತಿತ್ತು.

"ಮುಳುಗಲಿಲ್ಲ ಕಣೆ! ನಾನು ಮುಳುಗಲಿಲ್ಲ!" ಎಂದು ಕೂಗಿದಳು. ಅದು ಅಳುವೋ ನಗುವೋ ಹೇಳಲಾರೆ.

ಕ್ಯಾಪ್ಟನ್ ಬಂದು ದೋಣಿ ಸರಿಮಾಡಿ ನಮ್ಮನ್ನು ಹತ್ತಿಸಿ, ತೇಲುತ್ತಿದ್ದ ಹುಟ್ಟುಗಳನ್ನು ಹಿಡಿದುಕೊಟ್ಟಳು. "ಕೈಮುಗಿಯೋಕೆ ಹೋಗಿ ದೋಣಿ ಮುಗುಚಿದವರು ನೀವೇ ಮೊದಲು ಅಮ್ಮ" ಎಂದಳು. ದೊಡ್ಡಕ್ಕ ಮೂಗು ಒರೆಸಿಕೊಂಡು, "ಅವನು ನೋಡ್ಕೊಂಡ ಬಿಡು" ಎಂದಳು. ಅಲ್ಲಿಂದ ಮುಂದೆ ಅವಳ ಹುಟ್ಟಿಗೆ ಬೇರೆಯೇ ಬಲ ಬಂತು. ಆಗಬಾರದ್ದು ಆಗಿಹೋಗಿತ್ತು, ಇನ್ನು ಹೆದರಲು ಏನೂ ಉಳಿದಿರಲಿಲ್ಲ.

ಮೂರನೆಯ ವಿಹಾರದ ದಡದಲ್ಲಿ ಕಂದು ಚೀವರದ ಕೆಲವರು ನಿಂತಿದ್ದರು. ದೂರದಿಂದ ಎಲ್ಲರೂ ಒಂದೇ ಥರ, ಬೋಳು ತಲೆ, ಬಿಸಿಲಿಗೆ ಕಂದಿದ ಮುಖ. "ಯಾರೆ ನಮ್ಮ ಪುಟ್ಟಿ?" ಎಂದು ದೊಡ್ಡಕ್ಕ ಗಾಬರಿಯಿಂದ ಕೇಳಿದಳು. "ಕಾಣ್ತಾ ಇಲ್ವಲ್ಲ. ಯಾರು ಅಂತ ಗೊತ್ತಾಗ್ತಿಲ್ವಲ್ಲ ನಂಗೆ." ಅಷ್ಟರಲ್ಲಿ ಅವರಲ್ಲೊಬ್ಬಳು ಚೀವರ ಮೇಲೆತ್ತಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದು ಬಂದು ನಮ್ಮ ದೋಣಿಯ ಮೂತಿ ಹಿಡಿದಳು.

"ಅಕ್ಕಾ! ನೀನು? ನೀರಲ್ಲಿ?"

"ನೀನು ನೀರಾಚೆ ಬಂದು ಕೂತ್ರೆ ನಾನೇನು ಹಾರಿ ಬರ್ಲಾ?"

ಪುಟ್ಟಿ ಅವಳ ಒದ್ದೆ ಕೈ ಹಿಡಿದು ಇಳಿಸಿದಳು. ದೊಡ್ಡಕ್ಕ ತಂಗಿಯ ತಲೆಯನ್ನು ನೋಡುತ್ತಿದ್ದಳು, ನೋಡದಂತೆ ಇರಲು ಪ್ರಯತ್ನಿಸುತ್ತಿದ್ದಳು. ಕೊನೆಗೆ, "ಸಣ್ಣ ಆಗಿದ್ದೀಯ. ಊಟ?" ಎಂದಳು.

"ಮಧ್ಯಾಹ್ನದ ಒಳಗೆ ಆಯ್ತು ಅಕ್ಕ. ಇನ್ನು ನಾಳೆ ಬೆಳಿಗ್ಗೆ."

"ರಾತ್ರಿಗೆ ಏನೂ ಇಲ್ವಾ? ದಿನಾನೂ?"

"ಅಭ್ಯಾಸ ಆಗಿದೆ."

"ಶಾಲೆಗೆ ಹೋಗುವಾಗ ಸಂಜೆ ಬಂದ ತಕ್ಷಣ ಡಬ್ಬಿ ಎಲ್ಲ ತಡಕ್ತಿದ್ದವಳು" ಎಂದು ಇವಳು ನನ್ನ ಕಡೆ ತಿರುಗಿ ದೂರು ಹೇಳಿದಳು.

ಉಸುಕು ಹಾಸಿದ ಅಂಗಳ, ಗುಡಿಸಿದ ಗೆರೆಗಳು ಹಾಗೇ ಉಳಿದಿದ್ದವು. ಮರಗಳ ನಡುವೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕುಟೀರ. ಹಿಂದೆ ಬಟ್ಟೆ ಒಣಹಾಕುವ ಹಗ್ಗವಿತ್ತು. ನಮಗೆ ಬೇರೆ ಬಟ್ಟೆ ಕೊಟ್ಟರು. ನಾನು ಒದ್ದೆಯದನ್ನು ಹಿಂಡುತ್ತಿದ್ದಾಗ ದೊಡ್ಡಕ್ಕ ಸ್ನಾನಕ್ಕೆ ಹೋದಳು. ಅವಳ ಚೀಲದಿಂದ ನೀರಿನ್ನೂ ಸೋರುತ್ತಿದ್ದದ್ದು ನೋಡಿ, ಚೀವರ ಹಾಳಾದೀತೆಂದು ನಾನೇ ತೆಗೆದು ಹಗ್ಗಕ್ಕೆ ಹರವಿದೆ. ಅದರ ಒಳಗೆ ಮಡಚಿಟ್ಟ ಇನ್ನೊಂದು ಬಟ್ಟೆ ಸಿಕ್ಕಿತು. ಆಕಾಶನೀಲಿ ಬಣ್ಣದ, ಮೊಣಕಾಲು ದಾಟುವ ಹೆಣ್ಣುಮಕ್ಕಳ ಅಂಗಿ. ಕುತ್ತಿಗೆಗೆ ಸಣ್ಣ ಕಾಲರು, ದೊಡ್ಡಕ್ಕನ ಕೈಯದೇ ಎಂದು ಕುರುಡರೂ ಹೇಳಬಹುದಾದ ಕಾಲರು. ಯೋಚಿಸದೆ ಅದನ್ನೂ ಪಕ್ಕದಲ್ಲೇ ಹಾಕಿದೆ.

ದೊಡ್ಡಕ್ಕ ಬರುವ ಹೊತ್ತಿಗೆ ಪುಟ್ಟಿ ಆ ಹಗ್ಗದ ಮುಂದೆ ನಿಂತಿದ್ದಳು.

"ಇದು ಯಾರದು ಅಕ್ಕ?"

ದೊಡ್ಡಕ್ಕ ನನ್ನನ್ನು ಕಣ್ಣಲ್ಲೇ ಸುಟ್ಟಳು. ಆಮೇಲೆ ಮೆಲ್ಲಗೆ, "ನಿಂದೇ" ಎಂದಳು. "ಏನಾದ್ರೂ... ದಾರೀಲಿ ಬೇಕಾದ್ರೆ ಅಂತ."

ಪುಟ್ಟಿ ಅಂಗಿಯ ತೋಳು ಹಿಡಿದು ಮೈಗೆ ಅಳತೆ ನೋಡಿದಳು. ಭುಜದ ಹತ್ತಿರ ಸಡಿಲವಿತ್ತು. "ನಾನು ಬರಲ್ಲ ಅಕ್ಕ" ಎಂದಳು.

"ಬಾ ಅಂತ ನಾನೆಲ್ಲಿ ಕೇಳಿದೆ?"

"ಕೇಳಿದ್ದೀಯಲ್ಲ. ಹಗ್ಗದ ಮೇಲೆ ಒಣಗ್ತಾ ಇದೆ."

ದೊಡ್ಡಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಎಷ್ಟೋ ವರ್ಷದಿಂದ ಮೆಟ್ಟಿಲ ಹತ್ತಿರ ಫೋನ್ ಹಿಡಿದು ಹೇಳದೆ ಉಳಿಸಿಕೊಂಡದ್ದೆಲ್ಲ ಒಮ್ಮೆಲೇ ಬಂತು. "ನಾನೇನು ಕಮ್ಮಿ ಮಾಡಿದ್ದೆ ಪುಟ್ಟಿ? ಮನೇಲಿ ಶಾಂತಿ ಇರ್ಲಿಲ್ವಾ? ನಾನು ಜಾಸ್ತಿ ಮಾತಾಡ್ತಿದ್ನಾ? ಹೇಳು. ಹಾಸಿಗೆ ಎರಡು ಹಾಸೋ ಅಭ್ಯಾಸ ಬಿಡೋಕೆ ನಂಗೆ ಎಷ್ಟು ದಿನ ಆಯ್ತು ಗೊತ್ತಾ?"

ನಾನು ಅಲ್ಲಿಂದ ಸರಿಯಬೇಕಿತ್ತು. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತ ನಿಂತೆ.

ಪುಟ್ಟಿ ಅವಳ ಪಕ್ಕ ಕೂತಳು. ಬುದ್ಧ, ಧರ್ಮ ಎಂದು ಏನಾದರೂ ಉಪದೇಶ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ. "ನೀನು ಏನೂ ಕಮ್ಮಿ ಮಾಡ್ಲಿಲ್ಲ ಅಕ್ಕ" ಎಂದಳು. "ನೀನು ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದಕ್ಕೇ ನಾನು ಎಲ್ಲಿ ಹೋದ್ರೂ ಬೀಳಲ್ಲ ಅನ್ನೋ ಧೈರ್ಯ ಬಂತು. ಇಲ್ಲಿಗೆ ಬಂದ ಮೊದಲ ವರ್ಷ ಭಾನುವಾರ ಆದ್ರೆ ಅಳ್ತಿದ್ದೆ. ಕೂದಲೇ ಇಲ್ಲ, ಬಾಚೋರು ಬೇಕು ಅಂತ ಅಳು."

ದೊಡ್ಡಕ್ಕ ಅವಳತ್ತ ನೋಡಿದಳು. ಅಳುವಿನ ನಡುವೆಯೇ ಮೂಗಿನಿಂದ ಒಂದು ನಗು ಹಾರಿತು.

"ಇವತ್ತು ತಲೆ ಬೋಳಿಸಿಕೊಳ್ಳೋ ದಿನ" ಎಂದಳು ಪುಟ್ಟಿ. "ನಾವು ಒಬ್ಬರಿಗೊಬ್ಬರು ಮಾಡ್ಕೋತೀವಿ. ನೀನು ಮಾಡ್ತೀಯಾ?"

ನಾನು ಬಕೆಟ್ಟಿನಲ್ಲಿ ಬಿಸಿನೀರು ತಂದುಕೊಟ್ಟೆ. ಪುಟ್ಟಿ ನೆಲದ ಮೇಲೆ ಅಕ್ಕನಿಗೆ ಬೆನ್ನು ಮಾಡಿ ಕೂತಳು. ದೊಡ್ಡಕ್ಕ ಸೋಪಿನ ನೊರೆ ಹಚ್ಚಿದಳು, ರೇಜರ್ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಹಣೆಯಿಂದ ಹಿಂದಕ್ಕೆ ಮೊದಲ ಗೆರೆ ಎಳೆದ ಮೇಲೆ ಕೈ ತಾನಾಗಿ ನಡೆಯಿತು. ಕಿವಿಯ ಹಿಂದೆ ಬಂದಾಗ ಎಡಗೈಯಿಂದ ಕಿವಿ ಮಡಚಿ ಹಿಡಿದು, "ಅಲ್ಲಾಡ್ಬೇಡ" ಎಂದು ಗದರಿದಳು. "ಇಲ್ಲೊಂದು ಮಚ್ಚೆ ಇದೆ ನಿಂಗೆ. ನಂಗೆ ಗೊತ್ತೇ ಇರ್ಲಿಲ್ಲ."

"ಕೂದಲಿತ್ತಲ್ಲ ಅಕ್ಕ."

"ಹೂಂ. ಕೂದಲಿತ್ತು."

ಮುಗಿಸಿ, ಒದ್ದೆ ಬಟ್ಟೆಯಿಂದ ನೊರೆ ಒರೆಸಿ, ಅಂಗೈಯನ್ನು ಆ ನುಣುಪು ನೆತ್ತಿಯ ಮೇಲೆ ಇಟ್ಟಳು. ತೆಗೆಯಲು ಬಹಳ ಹೊತ್ತು ಹಿಡಿಯಿತು. ಮರಗಳಾಚೆ ಯಾರೋ ಅಂಗಳ ಗುಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ದೊಡ್ಡಕ್ಕ ಚೀವರವನ್ನು ಎರಡೂ ಕೈಯಲ್ಲಿಟ್ಟು ಕೊಟ್ಟಳು. ಹಿರಿಯ ಭಿಕ್ಷುಣಿ ಹೊಲಿಗೆಯನ್ನು ಮುಟ್ಟಿ ನೋಡಿ, "ಇದು ನನಗಿಂತ ಜಾಸ್ತಿ ದಿನ ಬದುಕುತ್ತೆ" ಎಂದರು. ಪುಟ್ಟಿ ಹೊದ್ದು ಬಂದಳು. ಅವಳಿಗೆ ಅದು ಒಪ್ಪಿತ್ತು. ಒಪ್ಪಿತೆಂಬುದೇ ದೊಡ್ಡಕ್ಕನಿಗೆ ಸಂಕಟವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಹೊರಡುವಾಗ ದಡದಲ್ಲಿ ದೊಡ್ಡಕ್ಕ, ನೀಲಿ ಅಂಗಿಯನ್ನು ಇಲ್ಲೇ ಇಟ್ಟುಕೋ ಎಂದಳು. "ಇಟ್ಟುಕೊಳ್ಳೋಕೆ ನಂಗೆ ಪೆಟ್ಟಿಗೇನೇ ಇಲ್ಲ ಅಕ್ಕ" ಎಂದಳು ಪುಟ್ಟಿ. ಈ ಸಲ ಚೀಲ ರಬ್ಬರು ಚೀಲದೊಳಕ್ಕೆ ಹೋಯಿತು. ಪುಟ್ಟಿ ನೀರಿಗಿಳಿದು ದೋಣಿಯನ್ನು ಆಳಕ್ಕೆ ನೂಕಿಕೊಟ್ಟಳು. ದೊಡ್ಡಕ್ಕ ತಿರುಗಿ ನೋಡಲಿಲ್ಲ, ತಿರುಗಿದರೆ ಮುಗುಚುತ್ತದೆಂದು ಅವಳಿಗೆ ಈಗ ಗೊತ್ತಿತ್ತು. "ನಿಂತಿದ್ದಾಳಾ?" ಎಂದು ಕೇಳಿದಳು. ನಾನು ಕತ್ತು ಹೊರಳಿಸಿ ನೋಡಿ, "ನಿಂತಿದ್ದಾಳೆ" ಎಂದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಈಗ?" "ಈಗಲೂ." ತಿರುವು ದಾಟಿ ದಡ ಮರೆಯಾದ ಮೇಲೂ ಒಮ್ಮೆ ಕೇಳಿದಳು. ನಾನು ಇದ್ದಾಳೆ ಎಂದೇ ಹೇಳಿದೆ.

ದೋಣಿಕಟ್ಟೆಯಲ್ಲಿ ಇಳಿದಾಗ ಕ್ಯಾಪ್ಟನ್‌ನ ಭುಜವನ್ನು ಕಣ್ಣಲ್ಲೇ ಅಳೆದು ಅಂಗಿಯನ್ನು ಅವಳಿಗೆ ಕೊಟ್ಟುಬಿಟ್ಟಳು. "ಸೊಂಟದ ಹತ್ತಿರ ಸ್ವಲ್ಪ ಹಿಡಿಸ್ಕೋ, ಸರಿಹೋಗುತ್ತೆ" ಎಂದಳು.

ಚಳಿಗಾಲ ಕಳೆದ ಮೇಲೆ ಪುಟ್ಟಿ ಹೊರಟುಹೋದಳು. ಈಗ ಫೋನು ಅಪರೂಪ. ಅಲ್ಲಿ ಬೆಳಗಾದಾಗ ಇಲ್ಲಿ ನಾವು ಮಿಷನ್ ಮುಚ್ಚುವ ಹೊತ್ತು. ದೊಡ್ಡಕ್ಕ ಅಂತೂ ಸರೋವರ ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಕ್ಯಾಪ್ಟನ್ ಜೊತೆ ನೀರಿಗಿಳಿಯುತ್ತಾಳೆ. ಅವಳ ಅಂಗೈಯಲ್ಲಿ ಹೊಲಿಗೆಯ ಗಂಟುಗಳ ಜೊತೆ ಹುಟ್ಟಿನ ಗಂಟುಗಳೂ ಎದ್ದಿವೆ. ಆಚೆ ದಡದ ಭಿಕ್ಷುಣಿಯರಿಗೆ ಹರಿದ ಚೀವರ ಹೊಲಿದುಕೊಟ್ಟು ಬರುತ್ತಾಳೆ. ಪುಟ್ಟಿಯಿದ್ದ ಕುಟೀರದಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆ ಕಡೆಗೆ ಮಾತ್ರ ಹೋಗುವುದಿಲ್ಲ.

ಮೊನ್ನೆ ಫೋನ್ ಬಂದಿತ್ತು. ಮೆಟ್ಟಿಲಿಗೆ ಹೋಗದೆ ನನ್ನ ಮೇಜಿನ ಪಕ್ಕದಲ್ಲೇ ನಿಂತು ಮಾತಾಡಿದಳು. "ಅಲ್ಲಿ ಹತ್ತಿರ ನೀರಿದೆಯಾ ಪುಟ್ಟಿ?... ಸಮುದ್ರಾನಾ? ಎಷ್ಟು ದೂರ?... ಅಲೆ ಜೋರಾ?" ಇಟ್ಟ ಮೇಲೆ ಮಿಷನ್ನಿಗೆ ಹೋಗಿ ಕೂತು ಒಂದು ಕಾಲರ್ ಮುಗಿಸಿದಳು. ಆಮೇಲೆ ದಾರ ಕಚ್ಚಿ ತುಂಡು ಮಾಡಿ, ತಲೆ ಎತ್ತದೆಯೇ ಕೇಳಿದಳು:

"ಕತ್ತರಿ, ಸಮುದ್ರದಲ್ಲೂ ಅದೇ ದೋಣೀನಾ, ಇಲ್ಲಾ ಬೇರೆ ಬೇಕಾ? ಕ್ಯಾಪ್ಟನ್‌ನ ಕೇಳ್ಬೇಕು."